ನಿಲ್ಲು ಎಂಬ ಹೆಸರು

ಡೂರೊ ಎಂದರೆ ನಿಲ್ಲು. ಇಬಾದಾನ್ ಊರಲ್ಲಿ ಬಸ್ಸಿನ ಹಿಂದೆ ಓಡುವವರೆಲ್ಲ ಗಂಟಲು ಹರಿದುಕೊಂಡು ಕೂಗುವ ಮಾತು ಅದು. ಆ ಬೆಳಿಗ್ಗೆ ಮೋನಿಯಾ ನಿಲ್ದಾಣದಲ್ಲಿ ಅಬೆನಿಯೂ ಹಾಗೇ ಕೂಗಿದಳು. ಒಂದು ಕೈಯಲ್ಲಿ ಕಿತ್ತುಹೋದ ಚಪ್ಪಲಿ, ಇನ್ನೊಂದರಲ್ಲಿ ಶಾಲೆಯ ಮಕ್ಕಳ ಉತ್ತರಪತ್ರಿಕೆಗಳು.

"ಡೂರೊ! ಡೂರೊ!"

ಬಸ್ಸು ನಿಲ್ಲಲಿಲ್ಲ. ನಿಂತವನು ಒಬ್ಬ ಗಂಡಸು. ಹೆಗಲ ಮೇಲೆ ಬಟ್ಟೆಯ ಗಂಟು ಹೊತ್ತಿದ್ದವನು ತಿರುಗಿ ನೋಡಿದ. ಅವನ ನೋಟ ಅವಳ ಬರಿಗಾಲಿಗೆ ಇಳಿದು, ಮೆಲ್ಲಗೆ ಮೇಲೇರಿ, ಕಣ್ಣಿನ ಹತ್ತಿರ ಬಂದು ನಿಂತಿತು.

"ಹೆಸರು ಕರೆದ್ರಾ, ನಿಲ್ಲು ಅಂದ್ರಾ?"

"ಏನು?"

"ನನ್ನ ಹೆಸರೇ ಡೂರೊ. ಅದಕ್ಕೇ ಕೇಳಿದೆ."

"ನಿಮ್ಮನ್ನ ಯಾರ್ರೀ ಕರೆದ್ರು? ಬಸ್ಸು ಹೋಯ್ತು!"

"ಬಸ್ಸು ನಿಮ್ಮ ಮಾತು ಕೇಳ್ಲಿಲ್ಲ, ನಾನು ಕೇಳಿದೆ. ನಮ್ಮಿಬ್ಬರಲ್ಲಿ ಯಾರು ವಾಸಿ, ನೀವೇ ಹೇಳಿ."

ಅಬೆನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ನಗು ಬಂದ ಮೇಲೆ ಹೆಣ್ಣಿನ ಸಿಟ್ಟು ನೀರಿಗೆ ಹಾಕಿದ ಉಪ್ಪು.

ಅವನು ಇಸೇಯಿನ್ ಊರಿನ ನೇಕಾರ. ಮದುವೆಗೆಂದೇ ನೇಯುವ ಬಟ್ಟೆಯನ್ನು ವಾರಕ್ಕೊಮ್ಮೆ ಇಬಾದಾನಿನ ಅಂಗಡಿಗಳಿಗೆ ತಂದುಕೊಡುತ್ತಿದ್ದ. ಅವಳು ಜೀವಶಾಸ್ತ್ರದ ಮೇಷ್ಟ್ರಮ್ಮ. ಮುಂದಿನ ವಾರವೂ ಅದೇ ಹೊತ್ತಿಗೆ ಅವನು ಅಲ್ಲೇ ನಿಂತಿದ್ದ, ಅದರ ಮುಂದಿನ ವಾರ ಅವಳೇ ಮೊದಲು ಬಂದು ನಿಂತಿದ್ದಳು.

ನಮ್ಮ ಊರಲ್ಲಿ ಪ್ರೀತಿಗೆ ಕಣ್ಣು ಮಾತ್ರ ಸಾಲದು, ರಕ್ತದ ಅಕ್ಷರವೂ ಗೊತ್ತಿರಬೇಕು. ಅಮಲಾ ಮುದ್ದೆಯ ಅಂಗಡಿಯಲ್ಲಿ ಎದುರುಬದುರು ಕೂತ ಮೊದಲ ದಿನವೇ, ಅವನು ಮುದ್ದೆ ಮುರಿಯುವ ಮೊದಲೇ, ಅಬೆನಿ ಕೇಳಿಬಿಟ್ಟಳು.

"ನಿಮ್ಮ ಜೀನೋಟೈಪ್ ಏನು?"

"ಊಟ ಆದ್ಮೇಲೆ ಕೇಳಬಾರದಾ?"

"ಊಟ ಆದ್ಮೇಲೆ ನನಗೆ ನೀವು ಇಷ್ಟ ಆಗಿರ್ತೀರಿ. ಆಮೇಲೆ ಕೇಳಿ ಏನು ಪ್ರಯೋಜನ?"

ಅವನು ನಾಚಿ ಕಿವಿ ಸವರಿಕೊಂಡ. "ಎಎ," ಎಂದ. "ಶಾಲೆ ಸೇರುವಾಗಲೇ ಪರೀಕ್ಷೆ ಮಾಡಿದ್ರು."

"ನಿಜವಾಗ್ಲೂ? ಗಂಡಸರು ಹೇಳೋ ಎರಡು ಸುಳ್ಳು ನನಗೆ ಗೊತ್ತು. ಮನೇಲಿ ಹೆಂಡತಿ ಇಲ್ಲ, ರಕ್ತದಲ್ಲಿ ಎಸ್ ಇಲ್ಲ."

"ಎರಡೂ ಇಲ್ಲ. ಮೊದಲನೇದನ್ನ ಬೇಗ ತರೋಣ ಅಂತ ಯೋಚನೆ ಇದೆ."

"ಮತ್ತೆ ಈ ಹೆಸರು? ಹಿಂದಿನ ಮಕ್ಕಳು ಸತ್ತ ಮನೇಲಿ ತಾನೇ ಡೂರೊ ಅಂತ ಇಡೋದು? ಇದಾದ್ರೂ ನಿಲ್ಲಲಿ ಅಂತ?"

"ಅದು ತಾತನ ಹೆಸರು. ಅವರ ಕಾಲದಲ್ಲಿ ಯಾರು ಸತ್ತಿದ್ರೋ, ಯಾರಿಗೆ ಗೊತ್ತು?"

ಅವಳು ನಂಬಿದಳು. ಮಕ್ಕಳಿಗೆ ವರ್ಷವಿಡೀ ಪ್ರಶ್ನೆ ಕೇಳು, ಪ್ರಶ್ನೆ ಕೇಳು ಎಂದು ಹೇಳಿಕೊಡುವ ಮೇಷ್ಟ್ರಮ್ಮ ಅವತ್ತು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಎದುರಿಗೆ ಕೂತವನ ಗಲ್ಲದಲ್ಲಿ ಗುಳಿ ಬೀಳುತ್ತಿತ್ತು, ಅದೇ ಕಾರಣ.

ಅವಳು ಹಾಗೆ ಕೇಳುವುದಕ್ಕೆ ಮನೆಯಲ್ಲೇ ಕಾರಣವಿತ್ತು. ತಂಗಿ ಇರೆತಿ ಎಸ್‌ಎಸ್. ಅಪ್ಪ ಅಮ್ಮ ಇಬ್ಬರಿಂದಲೂ ರೋಗದ ಎಸ್ ಪಡೆದವಳು. ತಿಂಗಳೆರಡು ತಿಂಗಳಿಗೊಮ್ಮೆ ಮೂಳೆಯೊಳಗೆ ಹೊಕ್ಕು ಅವಳನ್ನು ಹಿಂಡುವ ನೋವು, ಆಸ್ಪತ್ರೆ, ರಕ್ತದ ಬಾಟಲಿ. ಅಬೆನಿಯದು ಎಎಸ್, ಒಂದೇ ಎಸ್, ಕಾಯಿಲೆ ಇಲ್ಲ. ತನ್ನಂಥದೇ ಎಎಸ್ ಗಂಡನ್ನು ಕಟ್ಟಿಕೊಳ್ಳುವುದಿಲ್ಲ ಎಂದು ತಂಗಿಯ ಹಾಸಿಗೆಯ ಪಕ್ಕದಲ್ಲೇ ಆಣೆಯಿಟ್ಟುಕೊಂಡಿದ್ದಳು.

ಪ್ರೀತಿ ಬಲಿತ ಮೇಲೆ ಒಮ್ಮೆ ಇಸೇಯಿನ್‌ನಲ್ಲಿ ಅವನ ಮಗ್ಗದ ಪಕ್ಕ ಕೂತು ಅವನಿಗೆ ಎಲ್ಲ ಬಿಡಿಸಿ ಹೇಳಿದಳು. ಅವನು ಅಂಗೈ ಅಗಲದ ಪಟ್ಟಿ ನೇಯುತ್ತಿದ್ದ, ಅವರಿಬ್ಬರ ಮದುವೆಯದೇ ಬಟ್ಟೆ, ಜೇನು ಬಣ್ಣದ್ದು.

"ಒಂದೇ ಎಸ್ ಇದ್ದವರಿಗೆ ಮಲೇರಿಯಾ ಬಂದ್ರೂ ಸುಲಭಕ್ಕೆ ಕೊಲ್ಲಲ್ಲ. ಹಿಂದೆ ಎಎ ಮಕ್ಕಳು ಜ್ವರಕ್ಕೆ ಹೋದ್ರು, ಎಎಸ್ ಮಕ್ಕಳು ಹೆಚ್ಚು ಉಳಿದ್ರು. ಉಳಿದವರು ಹೆತ್ರು. ಹಾಗೇ ಸಾವಿರಾರು ವರ್ಷ. ಅದಕ್ಕೇ ಈಗ ನಮ್ಮಲ್ಲಿ ನಾಲ್ವರಲ್ಲಿ ಒಬ್ಬರಿಗೆ ಇದೆ."

"ಅಂದ್ರೆ ಸೊಳ್ಳೆ ನಮ್ಮನ್ನ ಆರಿಸ್ತು."

"ಯಾರೂ ಆರಿಸ್ಲಿಲ್ಲ ಕಣೋ. ಸತ್ತವರು ಸತ್ರು, ಉಳಿದವರು ಹೆತ್ರು, ಅಷ್ಟೇ. ಆದ್ರೆ ಅಪ್ಪನಿಂದೊಂದು, ಅಮ್ಮನಿಂದೊಂದು ಎರಡು ಎಸ್ ಸೇರಿದ್ರೆ ಮಗು ನಮ್ಮ ಇರೆತಿ. ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಿಕ್ಕಿಕೊಳ್ತವೆ. ಕಾಪಾಡಿದ್ದೇ ಕೊಲ್ಲತ್ತೆ."

ಅವನು ಲಾಳಿ ನಿಲ್ಲಿಸಿ ಅವಳ ಮುಖವನ್ನೇ ನೋಡಿದ. "ಸದ್ಯ, ನಾನು ಎಎ," ಎಂದು ಅವಳ ಮೂಗಿನ ತುದಿಗೆ ನೂಲಿನ ಎಳೆ ತಾಗಿಸಿದ. ಅವಳು ಕೈ ತಳ್ಳಿದಳು, ಹೆಚ್ಚೇನೂ ಜೋರಾಗಿ ಅಲ್ಲ.

ಅದೇ ಮಧ್ಯಾಹ್ನ ಅವನ ತಾಯಿ ಒಳಗಿನಿಂದ ಕೂಗಿದರು. "ಡೂರೊಸಿನ್ಮಿ! ನಿನ್ನ ಹುಡುಗಿಗೆ ಹಸಿವಾಗಲ್ವೇನೋ?"

ಡೂರೊಸಿನ್ಮಿ. ನಿಲ್ಲು, ನನ್ನನ್ನು ಮಣ್ಣು ಮಾಡುವವರೆಗೆ ನಿಲ್ಲು. ಅಬೆನಿ ಹಿರಿಯರೆಂಬ ಮರ್ಯಾದೆಗೆ ಮಂಡಿಯೂರಿ ತಟ್ಟೆ ತೆಗೆದುಕೊಳ್ಳುತ್ತ ಸುಮ್ಮನೆ ಮಾತಿಗೆಂದು ಕೇಳಿದಳು, "ತಾತನ ಹೆಸರೇನಮ್ಮಾ ಅದು?"

"ಯಾವ ತಾತ? ತಾತನ ಹೆಸರು ಅಂತ ನಾನೇ ಅವನಿಗೆ ಹೇಳಿದ್ದು, ಹುಡುಗ ಹೆದರದಿರಲಿ ಅಂತ." ತಾಯಿಯ ನಗು ಅಷ್ಟಕ್ಕೇ ಆರಿತು. "ಇವನಿಗಿಂತ ಮುಂಚೆ ಇಬ್ಬರು ಹೋದ್ರು ಮಗಳೇ. ಸತ್ತು ಮತ್ತೆ ಅದೇ ಹೊಟ್ಟೇಲಿ ಹುಟ್ಟಿ, ಬಂದು ಬಂದು ಹೋಗೋ ಕೂಸು ಅಂದ್ರು ಜನ. ಕೈಕಾಲು ಊದಿಕೊಳ್ಳೋದು, ಕಣ್ಣು ಅರಿಶಿನ ಆಗೋದು, ರಾತ್ರಿಯೆಲ್ಲಾ ಮೂಳೆ ನೋವು ಅಂತ ಅಳೋದು. ಇವನು ಹುಟ್ಟಿದಾಗ ಕೈಮುಗಿದು ಕೇಳ್ಕೊಂಡೆ, ನೀನಾದ್ರೂ ನಿಲ್ಲಪ್ಪಾ ಅಂತ. ನಿಂತ ನೋಡು, ನನ್ನ ಬಂಗಾರ."

ಅಬೆನಿಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆ ಊದಿದ ಕೈಕಾಲು, ಆ ಅರಿಶಿನದ ಕಣ್ಣು ಅವಳಿಗೆ ತನ್ನ ಮನೆಯ ಗೋಡೆಯಷ್ಟೇ ಪರಿಚಯ. ಬಾಗಿಲಲ್ಲಿ ನಿಂತ ಡೂರೊ ಅವಳ ಮುಖ ನೋಡಿದ, ತಾಯಿಯ ಮುಖ ನೋಡಿದ. ಅವನ ಗಲ್ಲದ ಗುಳಿ ಮಾಯವಾಗಿತ್ತು.

ಮತ್ತೆ ಪರೀಕ್ಷೆ ಮಾಡಿಸಿದರು. ಒಂದು ಕಡೆ ಅಲ್ಲ, ಎರಡು ಕಡೆ. ಎರಡನೆಯ ಕಡೆಯಿಂದ ಹೊರಬಂದವನು ಮೆಟ್ಟಿಲ ಮೇಲೆ ಕುಸಿದು ಕೂತ.

"ನಾನೂ ಎಎಸ್, ಅಬೆನಿ. ಶಾಲೆಯವರು ತಪ್ಪು ಹೇಳಿದ್ರು."

ಅವಳು ಅಳಲಿಲ್ಲ. ಪಕ್ಕದಲ್ಲಿ ಕೂತು ಅವನ ತೋಳು ಹಿಡಿದುಕೊಂಡಳು, ಬಿಟ್ಟರೆ ಯಾರೋ ಕಿತ್ತುಕೊಂಡು ಹೋಗುತ್ತಾರೆ ಎಂಬಂತೆ.

"ನಾಲ್ಕರಲ್ಲಿ ಒಂದು ತಾನೇ?" ಅವನು ಬೇಡಿದ. "ಮೂರು ಪಾಲು ನಮ್ಮ ಕಡೆಗಿದೆ."

"ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು. ನಿಮ್ಮಮ್ಮನಿಗೂ ಮೂರು ಪಾಲು ಇತ್ತು."

"ಹಾಗಾದ್ರೆ ಮಕ್ಕಳೇ ಬೇಡ. ನೀನೊಬ್ಬಳು ಸಾಕು."

ಎಷ್ಟು ಸುಲಭದ ಮಾತು! ಹೂಂ ಎಂದುಬಿಡಲು ಅವಳ ಇಡೀ ಮೈ ಹಾತೊರೆಯಿತು. ಆದರೆ ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ, ಇನ್ನೂ ಕಲಿತಿರಲಿಲ್ಲ.

"ನನಗೆ ಮಗು ಬೇಕು ಡೂರೊ. ಯಾರದ್ದೋ ಅಲ್ಲ, ನಿನ್ನ ಗುಳಿ ಇರೋ ಮಗು. ಬೇಡ ಅಂತ ಇವತ್ತು ಆಣೆ ಇಡ್ತೀನಿ, ಯಾವತ್ತೋ ಒಂದು ದಿನ ಸೋತುಬಿಡ್ತೀನಿ. ನನ್ನನ್ನ ನಾನು ಬಲ್ಲೆ. ಹೊಟ್ಟೇಲಿರುವಾಗಲೇ ಪರೀಕ್ಷೆ ಮಾಡಿಸಿ, ಬೇಡ ಅನ್ನೋ ಗುಂಡಿಗೆಯೂ ನನಗಿಲ್ಲ."

ಈ ಸಂಗತಿ ಇರೆತಿಗೆ ಗೊತ್ತಾಗಿ ಅವಳು ಅಕ್ಕನ ಮೇಲೆ ಹರಿಹಾಯ್ದಳು. "ನನ್ನ ನೆಪ ಮಾಡಿ ಅವನನ್ನ ಬಿಡ್ತೀಯಾ? ನಾನು ಹುಟ್ಟಿದ್ದು ತಪ್ಪು ಅಂತಲಾ?"

"ನೀನು ತಪ್ಪಲ್ಲ ಕಣೇ. ನಿನ್ನ ನೋವು ನನ್ನಿಂದ ನೋಡೋಕಾಗಲ್ಲ."

"ಅನುಭವಿಸೋಳು ನಾನು, ಸೋತವಳು ನೀನು! ಚೆನ್ನಾಗಿದೆ."

ಅದೇ ವಾರ ಇರೆತಿಗೆ ನೋವು ಬಂತು. ಡೂರೊ ಆಗ ಅಬೆನಿಯ ಮನೆಯಲ್ಲೇ ಇದ್ದ. ಅವನು ಕೇಳಿ ತಿಳಿದಿದ್ದ ಸಂಗತಿಯನ್ನು ಮೊದಲ ಸಲ ಕಣ್ಣಾರೆ ಕಂಡ. ಇರೆತಿ ಟವೆಲ್ ಕಚ್ಚಿ ಕೂಗನ್ನು ಒಳಗೇ ನುಂಗುತ್ತಿದ್ದಳು. ಅವನು ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಅವಳ ಕಾಲಿಗೆ ಸುತ್ತಿದ. ಹಾಸುಹೊಕ್ಕಿನ ಒಂದೆಳೆಯನ್ನೂ ತಪ್ಪಿಸದ ಆ ಬೆರಳುಗಳಿಂದ ಬಟ್ಟೆ ಮತ್ತೆ ಮತ್ತೆ ಜಾರಿತು. ಅವಳು ಆ ಸ್ಥಿತಿಯಲ್ಲೂ ಅವನನ್ನು ಕೆಣಕಿದಳು. "ಭಾವ, ನೇಕಾರ ಅಂತೀಯ, ಒಂದು ಬಟ್ಟೆ ಸುತ್ತೋಕೆ ಬರಲ್ವಾ?"

ಅವಳನ್ನು ಆಸ್ಪತ್ರೆಗೆ ಸೇರಿಸಿ ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು. "ನಮ್ಮಮ್ಮ ಇದನ್ನ ಎರಡು ಸಲ ನೋಡಿದ್ದಾಳೆ. ಒಬ್ಬಳೇ," ಎಂದ. ಗೇಟು ದಾಟುವಾಗ ಮತ್ತೆ ಹೇಳಿದ. "ನಿನ್ನನ್ನ ಬಿಡು ಅಂತ ನನಗೆ ನಾನು ಹೇಳ್ಕೊಳ್ಳೋಕೆ ಆಗ್ತಿಲ್ಲ. ನಾಳೆ ಊರಿಗೆ ಹೋಗ್ತೀನಿ. ನೀನು ನಿಲ್ಲು ಅಂದ್ರೆ ನಿಲ್ತೀನಿ. ಏನಾದ್ರೂ ಆಗಲಿ, ನಿಲ್ತೀನಿ."

ಗಂಡಸರು ಕೊನೆಗೆ ತೀರ್ಮಾನದ ಕಲ್ಲನ್ನು ಹೆಣ್ಣಿನ ತಲೆಯ ಮೇಲೇ ಇಡುತ್ತಾರೆ. ಆದರೂ ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಮರುದಿನ ಮೋನಿಯಾದಲ್ಲಿ ಇಸೇಯಿನ್ ಬಸ್ಸು ತುಂಬುತ್ತಿತ್ತು. ಜೇನು ಬಣ್ಣದ ಪಟ್ಟಿಗಳನ್ನು ಅವನು ತಂದಿದ್ದ, ಇನ್ನೂ ಒಂದಕ್ಕೊಂದು ಹೊಲಿದಿರಲಿಲ್ಲ. ಅರ್ಧವನ್ನು ಅವಳ ಕೈಗಿಟ್ಟ, ಅರ್ಧವನ್ನು ತಾನಿಟ್ಟುಕೊಂಡ. ಅವನು ಕಿಟಕಿಯ ಪಕ್ಕ ಕೂತ.

ಬೇರೆ ಯಾರನ್ನಾದರೂ ಕಳಿಸುವಾಗ ಹೆಸರು ಹಿಡಿದು ಕರೆದು, ಹೋಗಿ ಬಾ ಎನ್ನಬಹುದು. ಇವನ ಹೆಸರನ್ನೇ ಕರೆಯುವಂತಿಲ್ಲವಲ್ಲ! ಅಬೆನಿ ತುಟಿ ಕಚ್ಚಿ ನಿಂತಳು. ಬಸ್ಸು ಹೊರಟಿತು, ಕಿಟಕಿ ಜರುಗಿತು, ಅವನ ಮುಖ ಜರುಗಿತು. ಅವಳ ಬಾಯಿ ಅವಳ ಮಾತು ಕೇಳಲಿಲ್ಲ.

"ಡೂರೊ!"

ಕಂಡಕ್ಟರ್ ಬಸ್ಸಿನ ಮೈಗೆ ಬಡಿದ. ಬ್ರೇಕು ಕಿರುಚಿತು. "ಹತ್ತೋದಾದ್ರೆ ಬೇಗ ಹತ್ತಮ್ಮಾ! ಜಾಗ ಇಲ್ಲ, ಯಾರದಾದ್ರೂ ತೊಡೆ ಮೇಲೆ ಕೂರಬೇಕು ಅಷ್ಟೇ!" ಬಸ್ಸಿನವರೆಲ್ಲ ನಕ್ಕರು.

ಡೂರೊ ನಗಲಿಲ್ಲ. ಅರ್ಧ ಮೈ ಕಿಟಕಿಯಿಂದ ಹೊರಗೆ ಹಾಕಿದ್ದ. ಮೊದಲ ದಿನ ಚೇಷ್ಟೆಗೆ ಕೇಳಿದ್ದನ್ನು ಈಗ ಪ್ರಾಣವನ್ನೇ ಗಂಟಲಿಗೆ ತಂದುಕೊಂಡು ಕೇಳಿದ.

"ಹೆಸರು ಕರೆದೆಯಾ, ನಿಲ್ಲು ಅಂದೆಯಾ?"

ಅಬೆನಿ ಅವನನ್ನು ಕಣ್ತುಂಬ ನೋಡಿದಳು. ಹಣೆ, ಹುಬ್ಬು, ಬರಲಾರದ ಆ ಗುಳಿ. ಜೇನು ಬಣ್ಣದ ಬಟ್ಟೆಯನ್ನು ಎದೆಗೆ ಒತ್ತಿಕೊಂಡಳು.

"ಹೆಸರು ಕಣೋ," ಎಂದಳು. "ಬರೀ ಹೆಸರು."

ಬಸ್ಸು ಹೊರಟಿತು. ಅದು ತಿರುವು ದಾಟಿ, ದೂಳು ಅಡಗಿ, ಇನ್ನು ಯಾರಿಗೂ ಕೇಳಿಸದು ಎಂದು ಖಾತ್ರಿಯಾದ ಮೇಲೆ ಅವಳು ಇನ್ನೊಂದು ಸಲ ಡೂರೊ ಎಂದಳು. ಆ ಸಲ ಅವಳು ಹೆಸರು ಕರೆದಿರಲಿಲ್ಲ.