ಕಲಕಬೇಡ, ಚಿಟಪಟ!

“ಅಯ್ಯೋ, ಮತ್ತೆ ಕಲಕಿದ್ಯಾ?”

ಅಮ್ಮನ ದನಿ ಕೇಳಿದ್ದೇ ತಡ, ಚಿಟಪಟ ಸ್ಕೇಲನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಅದರಿಂದ ಎಣ್ಣೆ ತೊಟ್ಟಿಕ್ಕಿ ಗುಟ್ಟು ರಟ್ಟಾಯಿತು.

“ಇಲ್ಲಮ್ಮ, ಸುಮ್ನೆ ಮುಟ್ಟಿ ನೋಡ್ದೆ.”

“ಹೌದೌದು. ಸ್ಕೇಲೇ ಹೋಗಿ ಸ್ನಾನ ಮಾಡ್ಕೊಂಡು ಬಂತು!”

ಒಂದು ನಿಮಿಷ ಸುಮ್ಮನೆ ಕೂರಲಾರದ ಈ ಐದನೇ ಕ್ಲಾಸಿನ ಹುಡುಗಿಗೆ ಎಲ್ಲ ಕಡೆಯೂ ಚಿಟಪಟ ಎಂದೇ ಹೆಸರು. ಅಮ್ಮನ ಕೆಲಸ ಯಂತ್ರದ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ. ಬಿಡಿಭಾಗ ತೊಳೆದ ಎಣ್ಣೆನೀರಿಗೆ ಕರೆಂಟು ಹಾಯಿಸಿ ಅಲ್ಲಿ ಶುದ್ಧ ಮಾಡುತ್ತಾರೆ. ಅದನ್ನೇ ನಾಳೆ ಸೈನ್ಸ್ ಪೀರಿಯಡ್ಡಿನಲ್ಲಿ ಮಾಡಿ ತೋರಿಸುತ್ತೇನೆಂದು ಚಿಟಪಟ ಜಂಬ ಕೊಚ್ಚಿಕೊಂಡಿದ್ದಳು.

ಜಾಡಿಯಲ್ಲಿ ಹಾಲಿನಂತೆ ಬೆಳ್ಳಗಿದ್ದ ಎಣ್ಣೆನೀರು, ಚಿಟಿಕೆ ಉಪ್ಪು, ಎರಡು ಅಲ್ಯೂಮಿನಿಯಂ ತಗಡು, ಅವಕ್ಕೆ ಬ್ಯಾಟರಿಯ ವೈರು. ತಗಡು ಚೂರುಚೂರೇ ಕರಗಿ ಎಣ್ಣೆಹನಿಗಳನ್ನು ಗುಂಪುಗೂಡಿಸುತ್ತದೆ. ಗುಳ್ಳೆಗಳು ಅವನ್ನು ಮೇಲಕ್ಕೆ ಹೊತ್ತು ತರುತ್ತವೆ. ಆದರೆ ಚೂರು ನೊರೆ ಕಂಡರೆ ಸಾಕು, ಚಿಟಪಟಳ ಕೈ ತುರಿಸುತ್ತಿತ್ತು. ಬೇಗ ಆಗಲೆಂದು ಕಲಕುವಳು. ಎಲ್ಲವೂ ಮತ್ತೆ ಕೆಳಗೆ!

“ಫ್ಯಾಕ್ಟರಿಯಿಂದ ತಂದ ಬಾಟ್ಲಿಲಿ ಉಳ್ದಿರೋದು ಇನ್ನೊಂದು ಜಾಡಿಗೆ ಆಗೋಷ್ಟೇ. ಅದು ನಾಳೆಗೆ,” ಎಂದಳು ಅಮ್ಮ. “ಕಲಕಬೇಡ, ಅಷ್ಟೇ.”

ಮರುದಿನ ಕ್ಲಾಸಿನಲ್ಲಿ ಸೈನ್ಸ್ ಮೇಡಂ ಅವರ ಮೇಜಿನ ಮೇಲೆ ಜಾಡಿ ಇಟ್ಟು, ವೈರು ಸಿಕ್ಕಿಸಿ, ಚಿಟಪಟ ತನ್ನ ಎರಡೂ ಕೈಗಳ ಮೇಲೆ ತಾನೇ ಕೂತಳು. ಹತ್ತು ನಿಮಿಷವಾದರೂ ನೀರು ಬೆಳ್ಳಗೇ ಇತ್ತು.

“ಏನೇ, ಹಾಲು ಮಾರೋಕೆ ಬಂದ್ಯಾ?” ಮೊದಲ ಬೆಂಚಿನವಳು ಪೆನ್ಸಿಲ್ ಚಾಚಿದಳು. “ಸ್ವಲ್ಪ ಕಲಕ್ಲಾ?”

“ಮುಟ್ಟಿದ್ರೆ ನೋಡು!”

ಕೈ ಜೋಮು ಹಿಡಿಯಿತು. ಮೂಗು ಬೇರೆ ತುರಿಸಿತು. ಇದು ಆಗದೇ ಹೋದರೆ ಎಂದು ಹೆದರಿ ಅಳುವೇ ಬಂತು. ಅಮ್ಮ ಬೆಳಗಿನಿಂದ ಸಂಜೆಯವರೆಗೆ ಮನೆಯಷ್ಟು ದೊಡ್ಡ ಟ್ಯಾಂಕಿನ ಪಕ್ಕ ಹೀಗೇ ಏನನ್ನೂ ಮುಟ್ಟದೆ ನಿಂತಿರುತ್ತಾಳಲ್ಲ ಎಂದು ಅವಳಿಗೆ ಮೊದಲ ಸಲ ಹೊಳೆಯಿತು.

ಬೆಲ್ ಹೊಡೆಯುವ ಹೊತ್ತಿಗೆ ಜಾಡಿಯ ಮೇಲೆ ದಪ್ಪ ಬೂದು ನೊರೆ, ಕೆಳಗೆ ಆಚೆ ನಿಂತವರ ಮುಖ ಕಾಣುವಷ್ಟು ತಿಳಿನೀರು!

“ಭೇಷ್!” ಎಂದರು ಮೇಡಂ. “ಫ್ಯಾಕ್ಟರಿಲಿ ನಿಮ್ಮಮ್ಮ ಏನು ಕೆಲಸ ಮಾಡ್ತಾರೆ?”

ನಿನ್ನೆಯಾಗಿದ್ದರೆ “ಸ್ವಿಚ್ ಒತ್ತುತ್ತಾರೆ” ಎಂದುಬಿಡುತ್ತಿದ್ದಳು. ಇವತ್ತು ಬೆರಳು ಉಜ್ಜಿಕೊಳ್ಳುತ್ತ ಯೋಚಿಸಿದಳು.

“ಕಾಯ್ತಾರೆ ಮೇಡಂ. ತುಂಬಾ ಕಷ್ಟದ ಕೆಲಸ.”

ಕ್ಲಾಸು ಗೊಳ್ಳೆಂದು ನಕ್ಕಿತು. ಚಿಟಪಟ ನಗಲಿಲ್ಲ.