ತಳ ಹಿಡಿಯುವ ತನಕ

ಮಧ್ಯಾಹ್ನ ಮೂರು ಗಂಟೆಗೆ ಹಳೇ ಕೊಬ್ಬರಿ ಗೋದಾಮಿನ ಬಾಗಿಲಿಗೆ ಹೊರಗಿನಿಂದ ಬೀಗ ಬಿತ್ತು. ಒಳಗೆ ಇದ್ದವರು ಮೂವರು: ನಸೀಮ್ ಬಾನು, ಅವಳ ಮಗಳು ರುಕ್ಸಾನ, ಫ್ಯಾಕ್ಟರಿಯ ಫಿಟರ್ ಮುಜಾಫರ್. ಅಂದು ಡಿಸೆಂಬರ್ 25, ಸೋಮವಾರ, 2000ನೇ ಇಸವಿ.

"ಬೇಜಾರ್ ಮಾಡ್ಕಬ್ಯಾಡಿ ಕಣಮ್ಮ," ಎಂದ ಕಾವಲುಗಾರ ಸಣ್ಣತಿಮ್ಮಯ್ಯ, ಕಿಟಕಿಯ ಸರಳುಗಳ ಆಚೆಯಿಂದ. "ಯಜಮಾನ್ರು ಹೇಳವ್ರೆ. ಪೂಜೆ ಮುಗೀಲಿ, ನೆಂಟ್ರು ಹೋಗ್ಲಿ, ತೆಗ್ದುಬುಡ್ತೀನಿ."

"ನಾವೇನು ಕೋಳೀನಾ, ಕೂಡಿ ಹಾಕೋಕೆ?" ಎಂದಳು ರುಕ್ಸಾನ.

"ನಿಮಗಲ್ಲ ಕಣವ್ವ. ಕೋಳಿ ವಾಸ್ನೆಗೆ ಬೀಗ."

ಅವನು ಹೇಳಿದ್ದು ಸುಳ್ಳಲ್ಲ. ತಿಪಟೂರಿನಿಂದ ನೊಣವಿನಕೆರೆಗೆ ಹೋಗುವ ರಸ್ತೆಯಲ್ಲಿದ್ದ ಆ ಕಾಯಿ ಪೌಡರ್ ಫ್ಯಾಕ್ಟರಿಯ ಯಜಮಾನ ತೋಂಟದಾರ್ಯ ಮಾಂಸ ಮುಟ್ಟದವರು. ಹೊಸ ಬಾಯ್ಲರ್ ಕೂರಿಸಲು ಕೆ.ಜಿ.ಎಫ್‌ನಿಂದ ಬಂದಿದ್ದ ಎಂಜಿನಿಯರ್ ಕ್ಲಾರೆನ್ಸ್, ಕೆಲಸ ಮುಗಿಯದೆ ಕ್ರಿಸ್‌ಮಸ್‌ಗೆ ಊರಿಗೆ ಹೋಗಲಾಗದೆ ಉಳಿದಿದ್ದರು. ಹೆಂಡತಿಯೇ ರೈಲು ಹತ್ತಿ ಬರುತ್ತಿದ್ದರು. ಅವರಿಗೆ ಹಬ್ಬದ ರೋಸ್ಟ್ ಕೋಳಿ, ಆಲೂಗಡ್ಡೆ, ಗ್ರೇವಿ ಮಾಡಿಸಬೇಕು ಎಂದು ಕ್ಲಾರೆನ್ಸ್ ಕೇಳಿದಾಗ ಯಜಮಾನರು ಇಲ್ಲ ಎನ್ನಲಿಲ್ಲ. ಗೆಸ್ಟ್ ಹೌಸ್ ಅಡುಗೆಮನೆಯಲ್ಲಿ ಬೇಡ, ಹಿಂದಿನ ಗೋದಾಮಿನಲ್ಲಿ ಮಾಡಿಕೊಳ್ಳಿ ಎಂದರು. ಮದುವೆಗಳಿಗೆ ಬಿರಿಯಾನಿ ಮಾಡುವ ನಸೀಮ್ ಬಾನುಗೆ ಹೇಳಿಕಳಿಸಿದರು. ಅಂದು ಅಮಾವಾಸ್ಯೆ, ಯಂತ್ರಗಳಿಗೆ ಪೂಜೆ, ತಾಯಿಯೂ ನೆಂಟರೂ ಬರುತ್ತಾರೆ ಎಂಬುದು ಅವರಿಗೆ ಆಮೇಲೆ ನೆನಪಾಯಿತು.

ಕ್ಲಾರೆನ್ಸ್ ಸ್ಟೇಷನ್ನಿಗೆ ಹೋಗಿದ್ದರು. ರೈಲು ತಡ ಎಂದು ಸುದ್ದಿ ಬಂದಿತ್ತು.

ರುಕ್ಸಾನಳಿಗೆ ಬೀಗದ ಸದ್ದು ಹೊಸದೇನೂ ಅನ್ನಿಸಲಿಲ್ಲ; ಬೆಳಿಗ್ಗೆ ಮನೆಯಲ್ಲೇ ಒಂದು ಬೀಗ ಬಿದ್ದಿತ್ತು. ಬೆಳಗಿನ ಜಾವ, ರಂಜಾನ್ ಉಪವಾಸಕ್ಕೆ ಮುಂಚಿನ ಸೆಹ್ರಿ ಊಟಕ್ಕೆ ಕೂತಾಗ ಅಬ್ಬಾ, ಸಂಜೆಗೆ ಮೈಸೂರು ಪಾಕ್ ತರಬೇಕು ಎಂದಿದ್ದರು. ಯಾಕೆ ಎಂದು ಅವಳು ಕೇಳಿದ ಮೇಲೆಯೇ ಗೊತ್ತಾಗಿದ್ದು: ಇಫ್ತಾರ್ ಆದ ಮೇಲೆ ಅರಸೀಕೆರೆಯಿಂದ ಅಮ್ಮೀಯ ಅಣ್ಣ ಮಾಮೂ ಬರುತ್ತಾರೆ, ಮಗ ಸಲ್ಮಾನನಿಗೆ ರುಕ್ಸಾನಳ ಜೊತೆ ಮದುವೆಯ ಮಾತು ಪಕ್ಕಾ ಮಾಡಿಕೊಂಡು ಹೋಗುತ್ತಾರೆ. ಅಬ್ಬಾ ಅದನ್ನು ಹೇಳಿ ನೀರು ಕುಡಿದು ಎದ್ದರು. ಅಷ್ಟರಲ್ಲಿ ಅಜಾನ್ ಆಗಿತ್ತು. ಅವಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಗೋದಾಮಿನಲ್ಲಿ ಒಣ ಕೊಬ್ಬರಿಯ ಜಿಡ್ಡು ವಾಸನೆ. ಮೇಲೆ ಅಟ್ಟ, ಕೆಳಗೆ ಮುಜಾಫರ್ ಎಣ್ಣೆ ಡ್ರಮ್ ಕತ್ತರಿಸಿ ಬೆಸುಗೆ ಹಾಕಿದ ಓವನ್. ತೆಂಗಿನ ಚಿಪ್ಪಿನ ಕೆಂಡದಲ್ಲಿ ಎರಡು ಕೋಳಿಗಳು ಬೆಂದು ಹೊಂಬಣ್ಣಕ್ಕೆ ಬಂದು, ಈಗ ಮುಚ್ಚಿದ ಪಾತ್ರೆಯಲ್ಲಿ ಕೂತಿದ್ದವು. ಉಳಿದದ್ದು ಗ್ರೇವಿ ಒಂದೇ.

"ಕೋಳಿ ಬೇಯಿಸಿದ ಟ್ರೇ ಎಲ್ಲಿ?" ಎಂದ ಮುಜಾಫರ್.

ರುಕ್ಸಾನ ಎತ್ತಿ ತೋರಿಸಿದಳು. ಬೂದಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದಿದ್ದಳು. ಕಿಟಕಿಯ ಬೆಳಕು ಅದರಲ್ಲಿ ಹೊಳೆಯಿತು. ಅವನ ಮುಖ ಮಾತ್ರ ಕಳೆಗುಂದಿತು.

"ಏನಾಯ್ತು?"

"ಅದರ ತಳದಲ್ಲಿ ಕಂದು ಬಣ್ಣಕ್ಕೆ ಅಂಟಿತ್ತಲ್ಲ..."

"ಸೀದು ಹೋಗಿತ್ತು. ತಿಕ್ಕೋಕೆ ಎಷ್ಟು ಹೊತ್ತಾಯ್ತು ಗೊತ್ತಾ, ಮುಜಾಫರ್ ಭಾಯ್?"

"ಸೀದಿರಲಿಲ್ಲ. ಅದರಲ್ಲೇ ಗ್ರೇವಿ ಮಾಡೋದಂತೆ. ಅದೊಂದನ್ನ ಮುಟ್ಟಬ್ಯಾಡಿ ಅಂತ ಕ್ಲಾರೆನ್ಸ್ ಸಾಹೇಬ್ರು ಬೆಳಿಗ್ಗೆನೇ ಹೇಳಿದ್ರು."

"ಯಾರಿಗೆ ಹೇಳಿದ್ರು?"

ಮುಜಾಫರ್ ಡ್ರಮ್ಮಿನ ಬಾಗಿಲನ್ನು ನೋಡಿದ. ಅದು ಸರಿಯಾಗಿಯೇ ಮುಚ್ಚಿತ್ತು. "ನನಗೆ."

"ನೀವು ನನಗ್ಯಾಕೆ ಹೇಳ್ಲಿಲ್ಲ?"

ಉತ್ತರ ಅವಳಿಗೆ ಗೊತ್ತಿತ್ತು. ಅವಳ ಅಬ್ಬಾ ನಿಜಾಮುದ್ದೀನರ ಗ್ಯಾರೇಜಿನಲ್ಲಿ ಮುಜಾಫರ್ ವರ್ಷಗಟ್ಟಲೆ ಕೆಲಸ ಕಲಿತವನು, ಈಗಲೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದ. ಅವಳು ಚಹಾ ತಂದರೆ ಬೇರೆ ಹುಡುಗರು ಗ್ರೀಸ್ ಕೈಯಲ್ಲೇ ಲೋಟ ಎತ್ತಿಕೊಳ್ಳುತ್ತಿದ್ದರು. ಇವನು ಮಾತ್ರ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಒರೆಸಿ, ಆಮೇಲೆ ತೆಗೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ಚಹಾ ಆರಿರುತ್ತಿತ್ತು. ಬಿಸಿ ಮಾಡಿಕೊಡಲಾ ಎಂದರೆ ಬೇಡ ಎಂದು ತಲೆಯಾಡಿಸುತ್ತಿದ್ದ. ಲೋಟದ ಅಂಚಿನ ಮೇಲಿನಿಂದ ಒಮ್ಮೆ ಅವಳನ್ನು ನೋಡಿ ಕಣ್ಣು ಇಳಿಸುತ್ತಿದ್ದ. ಅವನ ಮಾತೆಲ್ಲ ಅಷ್ಟೇ.

ನಸೀಮ್ ಬಾನು ಗೋಣಿಚೀಲದ ಮೇಲೆ ಕೂತು ತಸ್‌ಬೀಹ್ ಜಪಮಣಿ ಎಣಿಸುತ್ತಿದ್ದಳು. "ಅದಕ್ಯಾಕೆ ಇಷ್ಟು ರಗಳೆ? ಎರಡು ಹೋಳು ಕಾಯಿ ರುಬ್ಬಿ ಹಾಕು, ಗಟ್ಟಿಯಾಗುತ್ತೆ."

"ಕಾಯಿ ಹಾಕಬಾರದಂತೆ ಖಾಲಾ," ಎಂದ ಮುಜಾಫರ್.

"ಫ್ಯಾಕ್ಟರಿ ತುಂಬಾ ಕಾಯಿ. ಸಾರಿಗೆ ಕಾಯಿ ಬ್ಯಾಡ," ಎಂದು ಅವಳು ಮತ್ತೆ ಮಣಿ ಹಿಡಿದಳು.

ಹೊರಗೆ ಹೋಗಿ ಇನ್ನೊಂದು ಕೋಳಿ ತರುವ ಹಾಗಿರಲಿಲ್ಲ. ಇದ್ದದ್ದು ಕೋಳಿಗಳ ಕತ್ತು, ರೆಕ್ಕೆಯ ತುದಿ, ಕಾಲು. ಟ್ರೇಯಿಂದ ಬಸಿದ ಜಿಡ್ಡನ್ನು ರುಕ್ಸಾನ ಚೆಲ್ಲಿರಲಿಲ್ಲ, ಬಟ್ಟಲಿನಲ್ಲಿ ತೆಗೆದಿಟ್ಟಿದ್ದಳು. ಮುಜಾಫರ್ ಒಲೆಗೆ ಚಿಪ್ಪು ಹಾಕಿದ. ಅವಳು ದಪ್ಪ ತಳದ ಪಾತ್ರೆ ಇಟ್ಟು, ಜಿಡ್ಡು ಬಿಟ್ಟು, ಮೂಳೆಗಳನ್ನೂ ಈರುಳ್ಳಿ, ಕ್ಯಾರೆಟ್ಟನ್ನೂ ಹಾಕಿದಳು. ಸೌಟು ಎತ್ತಿಕೊಂಡಳು.

"ಕೈ ಆಡಿಸಬ್ಯಾಡ," ಎಂದ ಅವನು.

"ತಳ ಹಿಡಿಯುತ್ತೆ."

"ಹಿಡೀಲಿ."

ತಳ ಹಿಡಿದರೆ ಅಮ್ಮೀಯಿಂದ ಬೈಸಿಕೊಂಡು ಬೆಳೆದವಳು ಅವಳು. ಸೌಟು ಹಿಡಿದ ಕೈ ತಾನಾಗಿಯೇ ಪಾತ್ರೆಯ ಕಡೆ ಹೋಗುತ್ತಿತ್ತು. ಅವನು ಅದನ್ನು ನೋಡುತ್ತಿದ್ದ. ಮೂರನೇ ಸಲ ಕೈ ಹೋದಾಗ ಅವಳೂ ಅವನನ್ನು ನೋಡಿದಳು. ಹೊಗೆಗೆ ಅವನ ಕಣ್ಣುಗಳು ಕೆಂಪಾಗಿದ್ದವು, ತುಟಿಯ ಮೂಲೆಯಲ್ಲಿ ನಗು ಇತ್ತು. ಅವಳು ಸೌಟನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಕಿಟಕಿಯಲ್ಲಿ ತೋಂಟದಾರ್ಯರ ಮುಖ ಕಾಣಿಸಿತು. ಹಣೆಯ ಮೇಲೆ ಹೊಸ ವಿಭೂತಿ. "ಏನಯ್ಯಾ ಮುಜಾಫರ್ ಇದು ಈರುಳ್ಳಿ ವಾಸ್ನೆ? ಎಲ್ಲಿಂದ ಬತ್ತೈತೆ ಅಂತ ನಮ್ಮವ್ವ ಕೇಳ್ತಾ ಅವ್ಳೆ. ಕಿಟಕೀದೂ ಒಂದು ಬಾಗಿಲು ಹಾಕ್ಕಳಪ್ಪ, ನಿನಗೆ ಪುಣ್ಯ ಬತ್ತದೆ."

"ಎಷ್ಟೊತ್ತಾಗುತ್ತೆ ಸಾರ್?"

"ಪ್ರಸಾದ ಆಗ್ಬೇಕು. ನೆಂಟ್ರನ್ನ ಎದ್ದೋಗಿ ಅನ್ನಕ್ಕಾಯ್ತದಾ?"

ಕಿಟಕಿಯ ಅರ್ಧ ಮುಚ್ಚಿತು. ಇದ್ದ ಬೆಳಕೂ ಅರ್ಧವಾಯಿತು.

ಪಾತ್ರೆಯಲ್ಲಿ ಚುರುಗುಟ್ಟುವ ಸದ್ದು ಇಳಿದು, ಮೂಳೆಗಳು ತಳಕ್ಕೆ ಅಂಟತೊಡಗಿದವು. ರುಕ್ಸಾನ ತಗ್ಗಿದ ದನಿಯಲ್ಲಿ, "ಸಂಜೆ ಅರಸೀಕೆರೆಯಿಂದ ಬರ್ತಾರೆ," ಎಂದಳು.

"ಗೊತ್ತು."

"ಯಾರು ಹೇಳಿದ್ರು?"

"ಉಸ್ತಾದ್. ಮೈಸೂರು ಪಾಕ್ ತಂದುಕೊಡು ಅಂದಿದ್ರು. ತಂದುಕೊಟ್ಟೆ."

ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. "ಚೆನ್ನಾಗಿರೋ ಅಂಗಡೀಲೇ ತಂದಿರ್ತೀರಿ."

"ರುಕ್ಸಾನ, ನಾನು ಅವರ ಮನೆ ಅನ್ನ ತಿಂದೋನು. ಸ್ಪ್ಯಾನರ್ ಹಿಡಿಯೋದು ಕಲಿಸಿದ್ದೇ ಅವರು. ಅವರ ಹತ್ರ ಹೋಗಿ ಯಾವ ಬಾಯಲ್ಲಿ ಕೇಳ್ಲಿ?"

"ಅವರನ್ನ ಎಲ್ಲರೂ ಕೇಳ್ತಾರೆ. ಮಾಮೂ ಕೇಳಿದ್ರು, ಸಲ್ಮಾನ್ ಕೇಳಿದ. ನನ್ನ ಯಾರೂ ಕೇಳ್ಲಿಲ್ಲ."

"ನಿಕಾಹ್ ದಿನ ಖಾಜಿಯವರು ಕೇಳ್ತಾರಲ್ಲ."

"ಕೇಳ್ತಾರೆ. ಪಂಡಾಲ್ ಹಾಕಿರ್ತಾರೆ, ಬಿರಿಯಾನಿ ದಮ್‌ಗೆ ಇಟ್ಟಿರ್ತಾರೆ, ಊರವರೆಲ್ಲ ಕೂತಿರ್ತಾರೆ. ಆಗ ಬ್ಯಾಡ ಅನ್ನೋಕಾಗುತ್ತಾ?"

ತಸ್‌ಬೀಹ್ ಮಣಿಗಳ ಸದ್ದು ನಿಂತಿತು. ಇಬ್ಬರೂ ತಿರುಗಿದರು. ನಸೀಮ್ ಬಾನು ಕಣ್ಣು ಮುಚ್ಚಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮಣಿಗಳು ಮತ್ತೆ ಸರಿದವು.

"ಬೆಳಿಗ್ಗೆ ಹೇಳಬೇಕಾದ್ದನ್ನ ನೀವು ಹೇಳ್ಲಿಲ್ಲ. ನಾನು ಟ್ರೇ ತೊಳೆದುಬಿಟ್ಟೆ," ಎಂದಳು ರುಕ್ಸಾನ. ಈ ಸಲ ಭಾಯ್ ಎನ್ನಲಿಲ್ಲ. ಅವನು ಅದನ್ನು ಗಮನಿಸಿದ ಎಂದು ಅವಳಿಗೆ ಗೊತ್ತಾಯಿತು. ಚಿಪ್ಪು ಎತ್ತಿದ ಅವನ ಕೈ ಒಲೆಯ ಮುಂದೆ ಹಾಗೇ ನಿಂತಿತ್ತು.

ಪಾತ್ರೆಯ ತಳ ಕಂದಾಗಿತ್ತು. ಕಪ್ಪಾಗುವ ಮೊದಲು ಅವಳು ನೀರು ಹೊಯ್ದಳು. ಭುಸ್ಸೆಂದು ಆವಿ ಎದ್ದಿತು. ಈಗ ಸೌಟಿನಿಂದ ತಳ ಕೆರೆಯಬಹುದಿತ್ತು. ಅಂಟಿದ್ದು ಬಿಟ್ಟುಕೊಳ್ಳುತ್ತ ನೀರು ಚಹಾದ ಬಣ್ಣಕ್ಕೆ, ಆಮೇಲೆ ಅದಕ್ಕಿಂತ ಗಾಢ ಬಣ್ಣಕ್ಕೆ ತಿರುಗಿತು. ಬಹಳ ಹೊತ್ತು ಕುದಿಸಿ ಸೋಸಿದರು. ಇನ್ನೊಂದು ಬಾಣಲೆಯಲ್ಲಿ ಉಳಿದ ಜಿಡ್ಡಿಗೆ ಮೈದಾ ಹಾಕಿ ಕೆಂಪಗೆ ಹುರಿದು, ಸೋಸಿದ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿದರು. ಅವನು ಸುರಿದ, ಅವಳು ಕಲಕಿದಳು. ಗಂಟು ಬೀಳಲಿಲ್ಲ. ಅವಳ ಮಣಿಕಟ್ಟಿನ ಮೇಲೆ ಮೈದಾ ಅಂಟಿತ್ತು. ಅವನು ಅದನ್ನು ನೋಡಿದ, ಒರೆಸಿಕೋ ಎಂದು ಹೇಳಲಿಲ್ಲ. ಅವಳೂ ಒರೆಸಿಕೊಳ್ಳಲಿಲ್ಲ.

ಕಾಳುಮೆಣಸು ಬಿತ್ತು. ಉಪ್ಪನ್ನು ಅಂದಾಜಿನಲ್ಲಿ ಹಾಕಿದಳು. ರುಚಿ ನೋಡುವವರು ಯಾರು? ರಂಜಾನಿನ ಕೊನೆಯ ವಾರ, ಮೂವರೂ ರೋಜಾ ಉಪವಾಸದಲ್ಲಿದ್ದರು.

ಮುಜಾಫರ್ ಒಂದು ಚಮಚ ಗ್ರೇವಿಯನ್ನು ಸರಳುಗಳ ನಡುವೆ ಚಾಚಿದ. "ಸಣ್ಣತಿಮ್ಮಣ್ಣ, ಉಪ್ಪು ನೋಡಿ ಹೇಳು."

"ಸೋಮವಾರ ಕಣಪ್ಪ. ಅದ್ರ ಮ್ಯಾಲೆ ಅಮಾಸೆ."

"ಒಂದು ಹನಿ."

"ಹನಿಯಾದ್ರೂ ಕೋಳೀದೇ ತಾನೆ? ನಾಳೀಕ್ ಬಾ, ಬೋಗುಣಿ ತುಂಬಾ ಕುಡೀತೀನಿ." ಆದರೂ ಅವನು ಮೂಗು ಹತ್ತಿರ ತಂದು ಒಂದು ಸಲ ಎಳೆದುಕೊಂಡ. "ವಾಸ್ನೆ ಮಾತ್ರ ಜೋರಾಗೈತೆ."

ಹೊರಗೆ ಗಂಟೆ ಬಾರಿಸಿತು, ಮಂಗಳಾರತಿ ಆಯಿತು, ಪ್ರಸಾದದ ಪಂಕ್ತಿ ಕೂತಿತು. ಯಾರೂ ಎದ್ದು ಹೋಗಲಿಲ್ಲ. ಗೋದಾಮಿನಲ್ಲಿ ಕತ್ತಲು ಕವಿಯಿತು. ಬೀಗ ತೆಗೆದರೆ ಮನೆಗೆ ಹೋಗಬೇಕು, ಮನೆಯಲ್ಲಿ ಸಿಹಿಯ ಡಬ್ಬಿ ಕಾಯುತ್ತಿತ್ತು. ಇಲ್ಲಿ ಉಸಿರು ಕಟ್ಟುತ್ತಿತ್ತು. ರುಕ್ಸಾನಳಿಗೆ ಬಾಗಿಲು ತೆರೆಯಲಿ ಎಂದೂ ಅನ್ನಿಸಿತು, ತೆರೆಯದಿರಲಿ ಎಂದೂ ಅನ್ನಿಸಿತು.

ಆರು ದಾಟಿದ ಮೇಲೆ ಊರಿನ ಕಡೆಯಿಂದ ಅಜಾನ್ ತೇಲಿ ಬಂತು. ನಸೀಮ್ ಬಾನು ಸೆರಗಿನ ಗಂಟು ಬಿಚ್ಚಿದಳು. ಮೂರು ಖರ್ಜೂರ, ಒಂದು ಚೊಂಬು ನೀರು. ಮೂವರೂ ರೋಜಾ ಬಿಟ್ಟರು. ಆಮೇಲೆ ನಸೀಮ್ ಬಾನುವೇ ಸೌಟನ್ನು ಮುಜಾಫರನ ಕೈಗೆ ಕೊಟ್ಟಳು.

"ನೀನೇ ನೋಡಿ ಹೇಳು. ಈಗ ಬಾಯಿಗೆ ಯಾವ ಅಡ್ಡೀನೂ ಇಲ್ಲ."

ಅವನು ಗ್ರೇವಿ ನಾಲಿಗೆಗೆ ಹಚ್ಚಿ ನಿಂತ.

"ಉಪ್ಪು ಕಮ್ಮಿ," ಎಂದ. ಆಮೇಲೆ, "ರುಕ್ಸಾನ, ನಿನ್ನ ಕೇಳ್ತಾ ಇದೀನಿ. ನನ್ನ ಮದುವೆ ಆಗೋಕೆ ನಿನಗೆ ಒಪ್ಪಿಗೆನಾ?"

ಒಲೆಯಲ್ಲಿ ಚಿಪ್ಪೊಂದು ಸಿಡಿಯಿತು. ಅವಳು ಉಪ್ಪಿನ ಡಬ್ಬಿ ಹಿಡಿದುಕೊಂಡೇ ಕೇಳಿದಳು, "ಬ್ಯಾಡ ಅನ್ನಬಹುದಾ?"

"ಅನ್ನಬಹುದು. ಇಲ್ಲಿ ಪಂಡಾಲ್ ಇಲ್ಲ."

"ಹಂಗಾದ್ರೆ ಒಪ್ಪಿಗೆ."

ಅವನು ನಗಲಿಲ್ಲ. ಸೌಟನ್ನು ಕೆಳಗಿಡಲು ಜಾಗ ಹುಡುಕಿದ, ಸಿಗಲಿಲ್ಲ. ಅವಳೇ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಬೆರಳಿಗೆ ಬೆರಳು ತಾಗಿತು. ಸೀಮೆಎಣ್ಣೆಯ ವಾಸನೆ ಇರಲಿಲ್ಲ, ಈರುಳ್ಳಿಯ ವಾಸನೆ ಇತ್ತು.

ನಸೀಮ್ ಬಾನು ಗೋಡೆ ಹಿಡಿದು ಎದ್ದಳು. "ನಮ್ಮಣ್ಣನಿಗೆ ನಾನು ಹೇಳ್ಕೋತೀನಿ. ನಿನ್ನ ಉಸ್ತಾದ್‌ಗೆ ನೀನೇ ಹೇಳ್ಬೇಕು. ಇವತ್ತೇ."

"ಆಯ್ತು ಖಾಲಾ."

"ನನಗೆ ಖಾಜಿ ಕೇಳಿದಾಗ ನಮ್ಮಮ್ಮ ನನ್ನ ತಲೆ ಹಿಡಿದು ಆಡಿಸಿದ್ರು," ಎಂದಳು ಅವಳು, ಯಾರ ಮುಖವನ್ನೂ ನೋಡದೆ. "ಉಪ್ಪು ಹಾಕೇ. ಕೋಳಿ ಆರಿ ಹೋಯ್ತು."

ಬೀಗ ತೆಗೆದಾಗ ಏಳು ಗಂಟೆ. ಕ್ಲಾರೆನ್ಸ್ ಹೆಂಡತಿಯೊಂದಿಗೆ ಟಾರ್ಚ್ ಹಿಡಿದು ನಿಂತಿದ್ದರು. ತೋಂಟದಾರ್ಯರು ಅವರ ಹಿಂದೆ ನಿಂತು, ತಪ್ಪು ತಿಳಿಯಬೇಡಿ ಎಂದು ಮೂವರಿಗೂ ಹೇಳಿದರು. ಕ್ಲಾರೆನ್ಸ್ ಸೌಟಿನಲ್ಲೇ ರುಚಿ ನೋಡಿದರು. "ತಳ ಕೆರೆದು ಮಾಡಿದ್ರಾ?"

"ಕೆರೆದೇ ಮಾಡಿದ್ದು ಸಾರ್," ಎಂದ ಮುಜಾಫರ್. ಯಾವ ಪಾತ್ರೆಯ ತಳ ಎಂದು ಹೇಳಲಿಲ್ಲ. ರುಕ್ಸಾನ ದುಪಟ್ಟಾ ಬಾಯಿಗೆ ಅಡ್ಡ ಹಿಡಿದಳು.

ಮುಜಾಫರ್ ಆ ರಾತ್ರಿಯೇ ಉಸ್ತಾದರ ಮನೆಗೆ ಹೋದ. ನಿಜಾಮುದ್ದೀನ್ ಅವನನ್ನು ಕೂರಿಸಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಅರಸೀಕೆರೆಯವರು ಊಟ ಮಾಡಿದರು; ನಸೀಮ್ ಬಾನು ಅಣ್ಣನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದಳು. ಸಿಹಿಯ ಡಬ್ಬಿಯನ್ನು ಯಾರೂ ಬಿಚ್ಚಲಿಲ್ಲ. ಅವರು ಹೊರಟು ಹೋದರು. ಉಸ್ತಾದ್ ಒಪ್ಪಲು ಬಕ್ರೀದ್ ತನಕ ಹಿಡಿಯಿತು. ಬಕ್ರೀದ್ ಕಳೆದು, ಮೊಹರಂ ಶುರುವಾಗುವ ಮುನ್ನ, ಮನೆಯ ಮುಂದೆ ಪಂಡಾಲ್ ಹಾಕಿದರು. ಖಾಜಿಯವರು ರುಕ್ಸಾನಳನ್ನು ಕೇಳಿದರು. ನಸೀಮ್ ಬಾನು ಮಗಳ ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದಳು. ರುಕ್ಸಾನ ಬಾಯಿ ಬಿಟ್ಟು ಒಪ್ಪಿಗೆ ಹೇಳಿದಳು.