ಒಂದು ಬಾತ್‌ರೂಮು, ಎರಡು ಬಕೆಟ್ಟು

"ಬಾಗಿಲು ತೆಗೀತೀಯೋ, ಇಲ್ಲಾ ಮುರೀಲೋ! ಒಳಗಿರೋದು ಯಾರಾದ್ರೂ ಆಗಿರ್ಲಿ, ಹೊರಗಿರೋದು ನಾನು!"

ಒಳಗಿರೋದು ನಮ್ಮಕ್ಕ ಅಂದ್ಕೊಂಡು ಬಾತ್‌ರೂಮ್ ಬಾಗಿಲಿಗೆ ಎರಡು ಗುದ್ದು ಬೇರೆ ಗುದ್ದಿದ್ದೆ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬ್ರಷ್ಷು, ಗದ್ದದ ತನಕ ಪೇಸ್ಟಿನ ನೊರೆ. ಹೀರೋ ಎಂಟ್ರಿಗೆ ಇನ್ನೇನು ಬೇಕು?

ಬಾಗಿಲು ತೆರೀತು. ನಮ್ಮಕ್ಕ ಅಲ್ಲ.

ಒದ್ದೆ ಕೂದಲಿಗೆ ಟವೆಲ್ ಸುತ್ಕೊಂಡಿದ್ದ ಹುಡುಗಿ. ರೆಪ್ಪೆ ಮೇಲೆ ಒಂದೇ ಒಂದು ನೀರಿನ ಹನಿ, ಬೀಳ್ಲೋ ಬೇಡ್ವೋ ಅಂತ ಯೋಚಿಸ್ತಾ ಕೂತಿತ್ತು. ನನ್ನನ್ನ ಮೇಲಿಂದ ಕೆಳಗೆ ನೋಡಿದ್ಲು.

"ಬಾಗಿಲು ಆಮೇಲೆ ಮುರೀರಿ. ಮೊದ್ಲು ಬಾಯಿ ತೊಳ್ಕೊಳ್ಳಿ."

ಹನಿ ಬಿತ್ತು. ನಾನೂ ಬಿದ್ದೆ.

ನಮ್ಮದು ಬಾಡಿಗೆ ಮನೆ. ಮೂರು ರೂಮು, ಒಂದು ಹಾಲು, ಒಂದೇ ಬಾತ್‌ರೂಮು. ಮೊದಲನೇ ರೂಮಲ್ಲಿ ಅಕ್ಕ, ಹಾಲಿನ ಸೋಫಾ ಮೇಲೆ ನಾನು. ಎರಡನೇದ್ರಲ್ಲಿ ರಿಟೈರ್ಡ್ ಮೇಷ್ಟ್ರು. ಅವರು ಸ್ನಾನಕ್ಕೆ ಹೋದ್ರೆ ಹಾಡು ಮುಗಿಯೋ ತನಕ ಈಚೆ ಬರಲ್ಲ, ಹಾಡಿಗೆ ಎಷ್ಟು ಚರಣ ಇದೆ ಅನ್ನೋದು ಆ ದೇವರಿಗೇ ಗೊತ್ತು. ಮೂರನೇ ರೂಮಿಗೆ ಹಿಂದಿನ ದಿನ ಬಂದೋಳೇ ಇವಳು. ಆಸ್ಪತ್ರೆ ಲ್ಯಾಬಲ್ಲಿ ರಕ್ತ ತೆಗೆಯೋ ಕೆಲಸ. ನಾನು 'ಸೂಜಿ' ಅಂತ ಹೆಸರಿಟ್ಟೆ. ಡ್ರೈವಿಂಗ್ ಸ್ಕೂಲಲ್ಲಿ ಕಾರು ಕಲಿಸೋ ನನಗೆ ಅವಳಿಟ್ಟಿದ್ದು 'ಹಾರ್ನ್'.

ನಮ್ಮನೇಲಿ ಬಕೆಟ್ಟೇ ಕ್ಯೂ. ಯಾರ ಬಕೆಟ್ ಬಾಗಿಲ ಹತ್ರ ಮೊದ್ಲು ಇರುತ್ತೋ ಅವರೇ ಮೊದ್ಲು. ಅವಳದ್ದು ಕೆಂಪು ಬಕೆಟ್, ನಂದು ಪೇಂಟ್ ಡಬ್ಬ. ಅವಳು ಆ ಕಡೆ ತಿರುಗಿದ್ರೆ ಸಾಕು, ನನ್ನ ಡಬ್ಬ ಕಾಲಲ್ಲೇ ತಳ್ಕೊಂಡು ಮುಂದೆ ಹೋಗೋದು.

"ರೀ ಹಾರ್ನ್, ಓವರ್‌ಟೇಕ್ ಮಾಡ್ಬೇಕಾದ್ರೆ ಇಂಡಿಕೇಟರ್ ಹಾಕ್ಬೇಕಲ್ವಾ?"

"ಹಾಕ್ದೆ. ಕಣ್ಣು ಹೊಡೆದ್ನಲ್ಲ, ನೋಡ್ಲಿಲ್ವಾ?"

ಗೀಸರ್ ಸ್ವಿಚ್ ಇದ್ದಿದ್ದು ಬಾತ್‌ರೂಮಿನ ಹೊರಗಡೆ. ಮೈಯೆಲ್ಲ ಸೋಪು ಹಚ್ಕೊಂಡಿದ್ದೀನಿ, 'ಟಕ್' ಅಂತು. ನಲ್ಲಿಗೆ ಚೆಂಬು ಹಿಡಿದು ಹುಯ್ಕೊಂಡ್ರೆ ಐಸು! ನಾನು ಕಿರುಚಿದ್ದಕ್ಕೆ ಮಹಡಿ ಮೇಲಿನ ಓನರ್ ಆಂಟಿ ಓಡಿ ಬಂದ್ರು.

"ಏನಾಯ್ತಮ್ಮಾ?"

"ಏನಿಲ್ಲ ಆಂಟಿ," ಸೂಜಿ ದನಿ, ಬೆಣ್ಣೆ ಥರ. "ಹೀರೋ ಫೈಟಿಂಗ್ ಪ್ರಾಕ್ಟೀಸ್ ಮಾಡ್ತಿದಾರೆ."

ಅಲ್ಲಿಂದ ಬೆಳಗಾಗೋದನ್ನೇ ಕಾಯೋ ಹಾಗಾಯ್ತು. ಎದ್ರೆ ಅವಳು, ಜಗಳ, ಆ ಅರ್ಧ ನಗು. ಬಾತ್‌ರೂಮ್ ಮುಂದಿನ ಮೂರು ಅಡಿ ಜಾಗ ನನಗೆ ಫಾರಿನ್ ಲೊಕೇಶನ್ನು.

ಒಂದಿನ ಅವಳು ನಗಲಿಲ್ಲ. ಅಕ್ಕನ ಹತ್ರ ಅಡುಗೆಮನೇಲಿ ಹೇಳ್ತಿದ್ದಿದ್ದು ಕೇಳಿಸ್ತು.

"ಆಗಲ್ಲಕ್ಕಾ. ರಕ್ತ ಕೊಡೋಕೆ ಖಾಲಿ ಹೊಟ್ಟೇಲಿ ಬಂದು ಕೂತಿರ್ತಾರೆ. ಇವತ್ತೊಂದು ಅಜ್ಜಿ ತಲೆ ಸುತ್ತಿ ಬಿದ್ರು, ನಾನು ಲೇಟಾಗಿದ್ದಕ್ಕೆ. ಓನರ್ ಆಂಟಿಗೂ ಹೇಳಿದೀನಿ, ಇನ್ನೊಂದು ಬಾತ್‌ರೂಮ್ ಇಲ್ಲಾಂದ್ರೆ ಮನೆ ಖಾಲಿ ಮಾಡ್ತೀನಿ."

ಯಾರೋ ಮತ್ತೆ ಗೀಸರ್ ಆಫ್ ಮಾಡ್ದಂಗಾಯ್ತು.

ಮಾರನೇ ದಿನದಿಂದ ನನ್ನ ಡಬ್ಬ ಸೋಫಾ ಕೆಳಗೆ. ನನ್ನ ಸ್ನಾನ ಸಂಜೆಗೆ. ಮೇಷ್ಟ್ರ ಕಾಲು ಹಿಡಿದು ಹಾಡನ್ನ ಮಧ್ಯಾಹ್ನಕ್ಕೆ ಹಾಕಿಸ್ದೆ. ನಾನು ಪೌಡರು, ಸೆಂಟು ಹೊಡ್ಕೊಂಡು ಡ್ಯೂಟಿಗೆ ಹೋದ್ರೆ, ಕಾರು ಕಲಿಯೋರು ಮೊದ್ಲು ನಾಲ್ಕೂ ಕಿಟಕಿ ಇಳಿಸ್ತಿದ್ರು. ಒಂದೇ ಸಮಾಧಾನ, ಸಂಜೆ ಬರೋಷ್ಟರಲ್ಲಿ ದಿನಾ ಬಿಸಿನೀರು ರೆಡಿ ಇರ್ತಿತ್ತು. ನಮ್ಮಕ್ಕಂಗೆ ಕೊನೆಗೂ ತಮ್ಮನ ಮೇಲೆ ಪ್ರೀತಿ ಬಂತು ಅಂದ್ಕೊಂಡೆ.

ಆಮೇಲೆ ಓನರ್ ಆಂಟಿ ಹಿಂದೆ ಬಿದ್ದೆ. "ಆಂಟಿ, ಮೆಟ್ಟಿಲ ಪಕ್ಕದ ಸ್ಟೋರ್ ರೂಮ್ ಸುಮ್ನೆ ಬಿದ್ದಿದೆ. ಬಾತ್‌ರೂಮ್ ಮಾಡ್ಸಿ. ನಿಮಗೆ ಫ್ರೀಯಾಗಿ ಕಾರು ಕಲಿಸ್ತೀನಿ."

ಆಂಟಿ ಗೇಟಿಗೆ ಗುದ್ದಿದ್ರು, ತೆಂಗಿನ ಮರಕ್ಕೆ ಗುದ್ದಿದ್ರು. ನಿಂತಿದ್ದ ನೀರಿನ ಟ್ಯಾಂಕರಿಗೆ ಹಾರ್ನ್ ಹೊಡೆದು "ಪಕ್ಕಕ್ಕೆ ಸರಿಯಯ್ಯಾ" ಅಂದ್ರು. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದ್ದಿದ್ದಕ್ಕೆ ಈ ಕಥೆ ಹೇಳೋಕೆ ಉಳಿದಿದ್ದೀನಿ. ಕೊನೆಗೆ ಕಾರು ಅವರ ಮಾತು ಕೇಳ್ತು, ಅವರು ನನ್ನ ಮಾತು ಕೇಳಿದ್ರು.

ಭಾನುವಾರ ಆಂಟಿ ಎಲ್ಲರನ್ನೂ ಹಾಲಲ್ಲಿ ಕೂರಿಸಿದ್ರು. "ಗೋಡೆ ಒಡೀಬೇಕು, ಧೂಳು ಬರುತ್ತೆ. ಆಮೇಲೆ ಯಾರೂ ಕ್ಯಾತೆ ತೆಗೀಬಾರ್ದು. ಇನ್ನೊಂದು ಬೇಕು ಅನ್ನೋರು ಕೈಯೆತ್ತಿ."

ಅಕ್ಕ ಎತ್ತಿದ್ಲು. ಮೇಷ್ಟ್ರು ಎತ್ತಿದ್ರು. ನಾನು ಎರಡೂ ಕೈ ಎತ್ತಿದೆ.

ಸೂಜಿ ಎತ್ತಲಿಲ್ಲ.

ಆಗ್ಲೇ ಬೇರೆ ಮನೆ ನೋಡ್ಬಿಟ್ಳಾ? ಎತ್ತಿದ ಕೈ ಇಳಿಸೋಕೂ ಮರೆತು ಕೂತೆ.

"ಏನಮ್ಮಾ, ಕೇಳಿದ್ದೇ ನೀನಲ್ವಾ?" ಅಂದ್ರು ಆಂಟಿ.

"ಕೇಳಿದ್ದೆ ಆಂಟಿ. ಈಗ ಒಂದೇ ಸಾಕು."

"ಅದ್ಹೆಂಗ್ರೀ ಸಾಕು?" ನನ್ನ ದನಿ ನನಗೇ ಗುರ್ತು ಸಿಗಲಿಲ್ಲ. "ಆಂಟಿ ಕೈಗೆ ಸ್ಟೇರಿಂಗ್ ಕೊಟ್ಟಿದೀನ್ರೀ ನಾನು! ಜೀವ ಒತ್ತೆ ಇಟ್ಟಿದೀನಿ! ನೀವು ಮನೆ ಬಿಡ್ಬಾರ್ದು ಅಂತ!"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡ್ರು, ಸೀನು ಸರಿಯಾಗಿ ಕಾಣ್ಲಿ ಅಂತ.

ಸೂಜಿ ಎದ್ದು ನಿಂತ್ಲು. ಅದೇ ಅರ್ಧ ನಗು, ಆದ್ರೆ ಕಿವಿ ಕೆಂಪಗೆ.

"ನೀವು ಕ್ಯೂ ಬಿಟ್ಟಾಗ್ಲಿಂದ ಲ್ಯಾಬಿಗೆ ನಾನು ಒಂದಿನಾನೂ ಲೇಟಾಗಿಲ್ಲ. ಸೋಫಾ ಕೆಳಗೆ ಡಬ್ಬ ಇಟ್ರೆ ಕಾಣಲ್ಲ ಅಂದ್ಕೊಂಡ್ರಾ?" ಒಂದು ಹೆಜ್ಜೆ ಹತ್ರ ಬಂದ್ಲು. "ಸಂಜೆ ದಿನಾ ಗೀಸರ್ ಆನ್ ಮಾಡಿದ್ದು ಯಾರು ಅಂದ್ಕೊಂಡಿದ್ರಿ?"

ನಾನು ಅಕ್ಕನ ಕಡೆ ನೋಡ್ದೆ.

"ನನ್ನನ್ಯಾಕೋ ನೋಡ್ತೀಯಾ? ನಾನ್ಯಾಕೆ ನಿನಗೆ ಕರೆಂಟ್ ದಂಡ ಮಾಡ್ಲಿ?"

"ಎರಡಾದ್ರೆ," ಸೂಜಿ ದನಿ ಸಣ್ಣಗಾಯ್ತು, "ಬೆಳಗ್ಗೆ ಎದ್ದು ನಾನು ಯಾರ ಜೊತೆ ಜಗಳ ಆಡ್ಲಿ? ನೀನಿಲ್ದೆ ಆ ಬಾಗಿಲ ಹತ್ರ ಬೋರ್ ಕಣೋ, ಹಾರ್ನು."

ನೀನು! ಕಣೋ! ಈ ಎರಡು ಮಾತಿಗೆ ನಾನು ಸ್ಲೋ ಮೋಷನ್‌ಗೆ ಹೋದೆ. ಜೀವನ ಪೂರ್ತಿ ಕಲೆಹಾಕಿದ್ದ ಡೈಲಾಗ್ ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ ಬಂದಿದ್ದು ಇಷ್ಟೇ:

"ನಂಗೂ."

ಮೇಷ್ಟ್ರು ಹೊಡೆದ ಸಿಳ್ಳೆ ನೋಡ್ಬೇಕಿತ್ತು ನೀವು. ಆ ವಯಸ್ಸಲ್ಲಿ!

ಆದ್ರೆ ಆಂಟಿ ಮಾತು ಅಂದ್ರೆ ಮಾತು. "ನಿಮ್ಮ ಲವ್ವಿಗೆ ಮೇಷ್ಟ್ರು ಯಾಕೆ ಕಾಯ್ಬೇಕು? ನಾನಂತೂ ಕಾರು ಕಲ್ತಾಯ್ತು," ಅಂತ ಗೋಡೆ ಒಡೆಸೇಬಿಟ್ರು. ಹೊಸ ಬಾತ್‌ರೂಮು, ಹೊಳೆಯೋ ಟೈಲ್ಸು, ಮೇಷ್ಟ್ರ ಹಾಡಿಗೆ ಎಕೋ ಬೇರೆ.

ಇವತ್ತು ಬೆಳಗ್ಗೆ ಹಳೇ ಬಾಗಿಲ ಮುಂದೆ ಕೆಂಪು ಬಕೆಟ್, ಅದಕ್ಕೆ ಅಂಟ್ಕೊಂಡು ನನ್ನ ಡಬ್ಬ. ಅವಳು ಗೋಡೆಗೆ ಒರಗಿದ್ಲು, ನಾನು ಅವಳ ಪಕ್ಕದಲ್ಲಿ. ಒಳಗೆ ಯಾರೂ ಇಲ್ಲ.

"ಎರಡೂ ಖಾಲಿ ಇದೆಯಲ್ರೋ!" ಅಕ್ಕ ಅಡುಗೆಮನೆಯಿಂದ ಕೂಗಿದ್ಲು. "ಏನ್ ಮಾಡ್ತಿದ್ದೀರಾ ಅಲ್ಲಿ?"

ಇಬ್ಬರೂ ಒಟ್ಟಿಗೇ ಕೂಗಿದ್ವಿ:

"ಕ್ಯೂನಲ್ಲಿದ್ದೀವಿ!"